ಬೆಂಕಿಗೆ ಬೆನ್ನೊಡ್ಡಿದ ಹಕ್ಕಿ

ಲೋಕ ಆಗಷ್ಟೇ ಹುಟ್ಟಿತ್ತು. ನೆಲದ ಕೆಸರು ಇನ್ನೂ ಪೂರ್ತಿ ಒಣಗಿರಲಿಲ್ಲ. ಆನೆಗೆ ತನ್ನ ಸೊಂಡಿಲನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ಆಗಾಗ ತಾನೇ ಅದನ್ನು ತುಳಿದುಕೊಂಡು ಅಯ್ಯೋ ಅನ್ನುತ್ತಿತ್ತು. ಜಿರಾಫೆ ಬಗ್ಗಿ ನೀರು ಕುಡಿಯುವುದನ್ನು ಕಲಿಯುತ್ತಿತ್ತು. ಗಾಳಿ, ಹೊಳೆ, ಮರ, ಮನುಷ್ಯ, ಹಕ್ಕಿ ಎಲ್ಲರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿದ್ದ ಕಾಲ ಅದು. ಮಾತಾಡುತ್ತಿದ್ದರು ಎಂದ ಮೇಲೆ ಜಗಳವನ್ನೂ ಆಡುತ್ತಿದ್ದರು, ಬಿಡು.

ದೂರದ ಆಫ್ರಿಕಾದಲ್ಲಿ ಲುವಾಂಗ್ವಾ ಎಂಬ ಹೊಳೆಯಿದೆ. ಆಗ ಅವಳು ಇನ್ನೂ ಸಣ್ಣ ಹುಡುಗಿ, ಒಂದು ಕಡೆ ನೆಟ್ಟಗೆ ಮಲಗುವ ಅಭ್ಯಾಸವಿರಲಿಲ್ಲ. ಮಳೆಗಾಲ ಬಂತೆಂದರೆ ಮೈತುಂಬಿಕೊಂಡು, ನಿದ್ದೆಯಲ್ಲಿ ಹೊರಳುವ ಮಗುವಿನ ಹಾಗೆ ಈ ಕಡೆಯಿಂದ ಆ ಕಡೆಗೆ ಹೊರಳುವಳು. ಹೊರಳಿದ ಕಡೆಯ ದಂಡೆ ದಬದಬ ಕುಸಿಯುವುದು. ಮಳೆ ನಿಂತು ನೀರಿಳಿದ ಮೇಲೆ ನೋಡಿದರೆ ಅಲ್ಲೊಂದು ಹೊಸ ಮಣ್ಣಿನ ಗೋಡೆ ಎದ್ದು ನಿಂತಿರುವುದು.

ಆ ಹೊಳೆಯ ಪಕ್ಕದ ಕಾಡಿನಲ್ಲಿ ತಿಯಾಮಿ ಎಂಬ ಹಕ್ಕಿಯಿದ್ದಳು. ನಮ್ಮ ಊರುಗಳಲ್ಲಿ ತಂತಿಯ ಮೇಲೆ ಕುಳಿತು ಜೇನುನೊಣ ಹಿಡಿಯುವ ಹಸಿರು ಕಳ್ಳಿಪೀರ ಇದೆಯಲ್ಲ, ಅದಕ್ಕೆ ಇವಳು ದೊಡ್ಡಪ್ಪನ ಮಗಳು ಎಂದುಕೋ. ಉದ್ದ ಬಾಲ, ಬಾಗಿದ ಚೂಪು ಕೊಕ್ಕು. ಬಣ್ಣ ಮಾತ್ರ ಕೇಳಬೇಡ. ತಲೆಯಿಂದ ಬಾಲದ ತುದಿಯವರೆಗೆ ಹಸಿ ಜೇಡಿಮಣ್ಣಿನ ಬೂದು ಬಣ್ಣ. ಗದ್ದೆಯ ಹೆಂಟೆಗೆ ರೆಕ್ಕೆ ಮೂಡಿದಂತೆ ಕಾಣುತ್ತಿದ್ದಳು.

ಆದರೆ ಅವಳು ಹಾರುವುದನ್ನು ನೋಡಬೇಕಿತ್ತು! ಕೊಂಬೆಯಿಂದ ಜಿಗಿದಳೆಂದರೆ ಗಾಳಿಯೇ ದಾರಿ ಬಿಡುತ್ತಿತ್ತು. ಹಾರುವ ಜೇನುನೊಣವನ್ನು ಹಾರುತ್ತಲೇ ಹಿಡಿದು, ತಿರುಗಿ ಅದೇ ಕೊಂಬೆಗೆ ಬಂದು, ನೊಣವನ್ನು ಕೊಂಬೆಗೆ ಬಡಿದು, ಉಜ್ಜಿ, ಮುಳ್ಳು ತೆಗೆದು, ಆಮೇಲೆ ನಿಧಾನವಾಗಿ ನುಂಗುತ್ತಿದ್ದಳು. ಅಷ್ಟು ನಾಜೂಕಿನ ಕೆಲಸ ಇನ್ನೊಂದು ಹಕ್ಕಿಗೆ ಬರುತ್ತಿರಲಿಲ್ಲ. ಆದರೂ ಅವಳನ್ನು ಹೊಗಳುವವರು ಯಾರೂ ಇರಲಿಲ್ಲ. ಬಣ್ಣ ನೋಡಿ ಮಣೆ ಹಾಕುವ ಚಟ ಲೋಕಕ್ಕೆ ಹುಟ್ಟಿದಾಗಿನಿಂದಲೂ ಇದೆ.

ತಿಯಾಮಿಗೆ ಅದರ ಬಗ್ಗೆ ಚಿಂತೆಯಿರಲಿಲ್ಲ. ಅವಳ ಚಿಂತೆ ಬೇರೆಯದೇ ಆಗಿತ್ತು. ಅವಳ ಮೊಟ್ಟೆಗಳು ಉಳಿಯುತ್ತಿರಲಿಲ್ಲ.

ಅದು ಹೇಗಾಯಿತೆಂದರೆ, ಲೋಕದ ಹಕ್ಕಿಗಳಿಗೆಲ್ಲ ಮೊಟ್ಟೆಯ ಬಣ್ಣ ಹಂಚುವ ಕೆಲಸವನ್ನು ಬಾವೊಬಾಬ್ ಎಂಬ ದಪ್ಪ ಹೊಟ್ಟೆಯ ಹಳೇ ಮರಕ್ಕೆ ವಹಿಸಿದ್ದರು. ಟಿಟ್ಟಿಭ ಹಕ್ಕಿ ಬಂದು ಬೆಣಚುಕಲ್ಲಿನ ಬಣ್ಣ ತೆಗೆದುಕೊಂಡು ಹೋಯಿತು. ಇನ್ನೊಬ್ಬಳು ಒಣ ಎಲೆಯ ಚುಕ್ಕೆ ಕೇಳಿದಳು. ಮತ್ತೊಬ್ಬಳು ಮರಳಿನ ಬಣ್ಣ ಕೇಳಿದಳು. ಹೀಗೆ ಹೊಂಚು ಹಾಕುವವರ ಕಣ್ಣಿಗೆ ಬೀಳದ ಬಣ್ಣಗಳನ್ನೆಲ್ಲ ಬುದ್ಧಿವಂತರು ಆರಿಸಿಕೊಂಡರು. ತಿಯಾಮಿಯ ಬಾಯಲ್ಲಿ ಆಗೊಂದು ಜೇನುನೊಣವಿತ್ತು. ಅದರ ಮುಳ್ಳು ತೆಗೆದು ಮುಗಿಸಿ ಬರುವಷ್ಟರಲ್ಲಿ ಬುಟ್ಟಿ ಖಾಲಿ.

"ಏನೂ ಉಳಿದಿಲ್ಲ ಕಣಮ್ಮ," ಎಂದಿತು ಬಾವೊಬಾಬ್, ಬುಟ್ಟಿ ಕೊಡವಿ ತೋರಿಸುತ್ತ. "ನಿಮ್ಮ ಜಾತಿಯವರೆಲ್ಲ ಹಾಗೇ ಬಿಳೀದು ಇಟ್ಕೊಳ್ಳಿ."

ಬಿಳಿ ಮೊಟ್ಟೆ! ಮರದ ಕವಲಿನಲ್ಲಿ ಕಡ್ಡಿಗಳ ನಡುವೆ ಬಿಳಿ ಮೊಟ್ಟೆ ಇಟ್ಟರೆ ಹೇಗಿರುತ್ತದೆ ಹೇಳು? ಊರಿಗೆಲ್ಲ ಕೂಗಿ ಹೇಳಿದಂತೆ ಇರುತ್ತದೆ. ಮೊದಲ ವರ್ಷ ಉಡ ಬಂದು ತಿಂದಿತು. ಅದರ ಮರುವರ್ಷ ಬಬೂನ್ ಕೋತಿ ಬಂದು ತಿಂದಿತು. ಅದರ ಮರುವರ್ಷ ಮತ್ತೆ ಉಡ. ತಿಯಾಮಿ ಕಿರುಚಿದಳು, ಕುಕ್ಕಿದಳು, ಸುತ್ತ ಹಾರಿದಳು. ಉಡ ಕಣ್ಣು ಮುಚ್ಚಿಕೊಂಡು ನಾಲಿಗೆ ಚಪ್ಪರಿಸುತ್ತ ಕೆಳಗಿಳಿಯಿತು.

ಆ ಸಂಜೆ ಅವಳು ಖಾಲಿ ಗೂಡಿನ ಮೇಲೆ ಕುಳಿತಿದ್ದಳು. ಕಾವು ಕೊಡಲು ಏನೂ ಇಲ್ಲದಿದ್ದರೂ ಮೈ ಉಬ್ಬಿಸಿ ಕುಳಿತಿದ್ದಳು. "ಮುಂದಿನ ಸಲ ನನ್ನ ಮರಿ ಮೊಟ್ಟೆಯಿಂದ ಹೊರಗೆ ಬರಲೇಬೇಕು," ಎಂದು ತನಗೆ ತಾನೇ ಹೇಳಿಕೊಂಡಳು. "ಬಿಳಿ ಮೊಟ್ಟೆಗೆ ಕತ್ತಲೆ ಬೇಕು. ಎಲ್ಲಿದೆ ಕತ್ತಲೆ?"

ಮರದ ಪೊಟರೆಯಲ್ಲಿ ಕತ್ತಲೆಯಿತ್ತು. ಅಲ್ಲಿಗೆ ಹೋದಳು. ಮಂಗಟ್ಟೆ ಹಕ್ಕಿ ಬಾಗಿಲಿಗೆಲ್ಲ ಮಣ್ಣು ಮೆತ್ತಿ ಒಳಗೆ ಕುಳಿತಿತ್ತು. ಸಂದಿಯಿಂದ ಕೊಕ್ಕಷ್ಟೇ ಹೊರಗೆ ಹಾಕಿ, "ಜಾಗ ಇಲ್ಲ. ಈ ಕಾಡಿನ ಪೊಟರೆಯೆಲ್ಲ ನಮ್ಮ ಸಂಬಂಧಿಕರದೇ," ಎಂದಿತು.

ಹುತ್ತದಲ್ಲಿ ಕತ್ತಲೆಯಿತ್ತು. ಅಲ್ಲಿಗೆ ಹೋದಳು. ಒಳಗಿಂದ ಮುಂಗುಸಿಯೊಂದು ತಲೆ ಹಾಕಿತು. ಅದರ ಪಕ್ಕ ಇನ್ನೊಂದು ತಲೆ. ಅದರ ಪಕ್ಕ ಮತ್ತೊಂದು. "ಬಾ ಬಾ, ಒಳಗೆ ಬಾ," ಎಂದವು ಎಲ್ಲ ಸೇರಿ, ತುಂಬಾ ಪ್ರೀತಿಯಿಂದ. ಆ ಪ್ರೀತಿ ನೋಡಿಯೇ ತಿಯಾಮಿ ಅಲ್ಲಿಂದ ಕಾಲ್ತೆಗೆದಳು.

ಕೊನೆಗೆ ಹೊಳೆದಂಡೆಗೆ ಬಂದಳು. ಅಲ್ಲಿ ಒಬ್ಬ ಮುದುಕಿ ಮಣ್ಣು ಅಗೆಯುತ್ತಿದ್ದಳು. ಅವಳ ಹೆಸರು ಜಿಯೋನೆ. ಆ ಸೀಮೆಯಲ್ಲಿ ಅಜ್ಜಿಯನ್ನು ಅಂಬುಯಾ ಎಂದು ಕರೆಯುತ್ತಾರೆ, ಆದ್ದರಿಂದ ಅವಳು ಎಲ್ಲರಿಗೂ ಜಿಯೋನೆ ಅಂಬುಯಾ. ಊರಿನ ನೀರಿನ ಮಡಕೆಗಳನ್ನೆಲ್ಲ ಮಾಡುವವಳು ಅವಳೇ. ಅವಳಿಗೆ ಚಕ್ರ ಗೊತ್ತಿರಲಿಲ್ಲ. ಮಣ್ಣನ್ನು ಹಗ್ಗದಂತೆ ಹೊಸೆದು, ಸುತ್ತಿ ಸುತ್ತಿ ಏರಿಸಿ, ಒದ್ದೆ ಕೈಯಿಂದ ನೀವಿ, ಹೊಳೆಯ ನುಣುಪು ಕಲ್ಲಿನಿಂದ ತಿಕ್ಕಿ ಮಡಕೆ ಮಾಡುತ್ತಿದ್ದಳು. ಅವಳ ಮಡಕೆಯ ನೀರು ಕುಡಿದವರು ಬೇರೆ ನೀರನ್ನು ನೀರು ಅನ್ನುತ್ತಿರಲಿಲ್ಲ.

ತಿಯಾಮಿ ನೋಡುತ್ತಿದ್ದಂತೆ ಅಜ್ಜಿ ದಂಡೆಯ ಮುಂದೆ ಒಂದು ಚಿಟಿಕೆ ಹಿಟ್ಟು ಉದುರಿಸಿ, "ಸ್ವಲ್ಪ ಮಣ್ಣು ತಗೋತೀನಮ್ಮ," ಎಂದು ಕೇಳಿ, ಆಮೇಲೆ ಕೋಲಿನಿಂದ ಅಗೆದಳು. ಅಗೆದ ಜಾಗದಲ್ಲಿ ಒಂದು ತೂತು ಉಳಿಯಿತು. ತಿಯಾಮಿ ಅದರೊಳಗೆ ಇಣುಕಿದಳು. ತಂಪು. ಕತ್ತಲೆ. ತನ್ನ ಕೊಕ್ಕು ತನಗೇ ಕಾಣದಷ್ಟು ಕತ್ತಲೆ!

"ಅಂಬುಯಾ, ನಾನೂ ಇಲ್ಲಿ ಅಗೀಬಹುದಾ?"

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ನೋಡಿದಳು. "ಯಾಕೆ ಮಗಳೇ, ನೀನೂ ಮಡಕೆ ಮಾಡ್ತೀಯಾ?"

"ಇಲ್ಲ ಅಂಬುಯಾ. ನನ್ನ ಮೊಟ್ಟೆ ಬಿಳೀದು. ಮೇಲಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತೆ. ಒಂದು ಮರಿ ಮುಖಾನೂ ನಾನಿನ್ನೂ ನೋಡಿಲ್ಲ."

ಅಜ್ಜಿಯ ಮುಖ ಮೆತ್ತಗಾಯಿತು. "ಅಗಿ ಮಗಳೇ. ಆದ್ರೆ ದಂಡೆ ನಂದಲ್ಲ, ಹೊಳೇದು. ಕೇಳದೇ ಕೈ ಹಾಕಬಾರದು. ಮೊದಲು ಅವಳನ್ನ ಕೇಳು."

ತಿಯಾಮಿ ನೀರಿನ ಹತ್ತಿರ ಹಾರಿ ಹೋಗಿ ಕೇಳಿದಳು. ಹೊಳೆ ಮರಳಿನ ಮೇಲೆ ತೆಳ್ಳಗೆ ಮಲಗಿದ್ದಳು. ಬೇಸಿಗೆಯಲ್ಲಿ ಅವಳಿಗೆ ಏಳುವುದೇ ಬೇಸರ.

"ಕೊಡೋಕೆ ನನಗೇನೂ ಅಡ್ಡಿಯಿಲ್ಲ," ಎಂದಳು ಹೊಳೆ. "ಆದ್ರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮಳೆ ಬಂದ್ರೆ ನಾನು ಈಗಿನ ನಾನಲ್ಲ. ಎದ್ದು ಹೊರಳ್ತೀನಿ. ಈ ಗೋಡೆ ಬಿದ್ದುಹೋಗುತ್ತೆ. ಆಮೇಲೆ ನನ್ನನ್ನ ಬೈಬೇಡ."

"ಮಳೆ ಬರೋ ಮುಂಚೆ ಮರಿ ಹಾರಿಸ್ಕೊಂಡು ಹೋಗ್ತೀನಿ ಅಕ್ಕ."

"ಹೋದ್ರೆ ಸರಿ. ಮುಂದಿನ ವರ್ಷ ಬಾ, ಹೊಸ ಗೋಡೆ ಕಡಿದಿಟ್ಟಿರ್ತೀನಿ." ಹಾಗೆಂದು ಹೊಳೆ ಮತ್ತೆ ಕಣ್ಣು ಮುಚ್ಚಿದಳು.

ಅವತ್ತೇ ಗಂಡನನ್ನೂ ಕರೆದುಕೊಂಡು ಬಂದು ಕೆಲಸ ಶುರು ಮಾಡಿದಳು. ಗೋಡೆಗೆ ಜೋತುಬಿದ್ದು ಕೊಕ್ಕಿನಿಂದ ಮಣ್ಣು ಕುಕ್ಕುವುದು, ಸಡಿಲವಾದ ಮಣ್ಣನ್ನು ಪುಟ್ಟ ಕಾಲುಗಳಿಂದ ಹಿಂದಕ್ಕೆ ಒದೆಯುವುದು. ಕುಕ್ಕುವುದು, ಒದೆಯುವುದು. ಕುಕ್ಕುವುದು, ಒದೆಯುವುದು. ಅವಳು ಸುಸ್ತಾದಾಗ ಅವಳ ಗಂಡ, ಅವನು ಸುಸ್ತಾದಾಗ ಅವಳು. ಕೊಕ್ಕಿನ ತುದಿ ಸವೆಯಿತು. ನಿನ್ನ ಕೈ ಭುಜದವರೆಗೆ ಒಳಗೆ ಹೋದರೂ ಕೊನೆ ಮುಟ್ಟದಷ್ಟು ಉದ್ದದ ಬಿಲ ಕೊರೆದರು ಆ ಅಂಗೈಯಗಲದ ಜೀವಗಳು. ಒಳಗೆ ಕಡ್ಡಿಯಿಲ್ಲ, ಹುಲ್ಲಿಲ್ಲ, ಹಾಸಿಗೆಯಿಲ್ಲ. ಬರೀ ತಂಪು ಮಣ್ಣು.

ಅವಳ ಜಾತಿಯ ಬೇರೆ ಹಕ್ಕಿಗಳು ಬಂದು ನೋಡಿ ನಕ್ಕವು. "ಹಕ್ಕಿಯಾಗಿ ಹುಟ್ಟಿ ಇಲಿ ಥರ ಬಿಲ ತೋಡ್ತಿದೀಯಲ್ಲ!"

ಅವು ನಗುತ್ತಿರುವಾಗಲೇ ಉಡ ಬಂತು. ತನ್ನ ಪಾಲಿನ ಮೊಟ್ಟೆ ಈ ಸಲ ಮಣ್ಣಿನೊಳಗೆ ಹೋಗುತ್ತಿದೆಯೆಂದು ಅದಕ್ಕೆ ಹೇಗೋ ಗೊತ್ತಾಗಿತ್ತು. ಉಗುರೂರಿ ಗೋಡೆ ಹತ್ತತೊಡಗಿತು. ತಿಯಾಮಿ ಎರಗಿದಳು. ಅವಳ ಗಂಡ ಎರಗಿದ. ಉಡ ಕ್ಯಾರೇ ಅನ್ನಲಿಲ್ಲ. ಆಗ ತಿಯಾಮಿ ನಗುತ್ತಿದ್ದವರ ಕಡೆ ತಿರುಗಿ ಕೂಗಿದಳು. "ನಗ್ತಾ ಕೂತಿದ್ದೀರಲ್ಲ! ನಿಮ್ಮ ಮೊಟ್ಟೆ ತಿಂದಿದ್ದೂ ಇದೇ ಹೊಟ್ಟೆ ಅಲ್ವಾ?"

ಆ ಮಾತು ನಾಟಿತು. ನಗು ನಿಂತಿತು. ಎಲ್ಲ ಹಕ್ಕಿಗಳೂ ಒಟ್ಟಿಗೆ ಎದ್ದು ಉಡದ ಮೇಲೆ ಬಿದ್ದವು. ತಲೆಗೆ, ಬೆನ್ನಿಗೆ, ಮೂಗಿಗೆ, ಎಲ್ಲೆಂದರಲ್ಲಿ ಕುಕ್ಕಿದವು. ಉಡ ಗೋಡೆಯಿಂದ ಜಾರಿ ಧೊಪ್ಪನೆ ಹೊಳೆಗೆ ಬಿತ್ತು. ನಿದ್ದೆ ಕೆಟ್ಟ ಹೊಳೆ ಅದನ್ನು ಆಚೆ ದಡಕ್ಕೆ ಎಸೆದು ಮತ್ತೆ ಮಲಗಿದಳು.

ಮರುದಿನದಿಂದ ಗೋಡೆಯ ತುಂಬ ಕುಕ್ಕುವ ಸದ್ದು. ನಕ್ಕವರೆಲ್ಲ ತಮ್ಮ ತಮ್ಮ ಬಿಲ ಕೊರೆಯುತ್ತಿದ್ದರು. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು, ಗೋಡೆ ಜೇನುತಟ್ಟಿಯ ಹಾಗಾಯಿತು. ಅಕ್ಕಪಕ್ಕ ಮನೆಯಾದ ಮೇಲೆ ಜಗಳವಿಲ್ಲದೆ ಇರುತ್ತದೆಯೇ? ನಿನ್ನ ಮಣ್ಣು ನನ್ನ ಬಾಗಿಲಿಗೆ ಬಿತ್ತು, ನಿನ್ನ ಬಾಲ ನನ್ನ ಕಣ್ಣಿಗೆ ತಾಗಿತು ಎಂದು ಬೆಳಗಿನಿಂದ ಸಂಜೆಯವರೆಗೆ ಗಲಾಟೆಯೋ ಗಲಾಟೆ.

"ಅಬ್ಬಬ್ಬಾ, ಕಿವಿ ತೂತು ಬಿತ್ತು!" ಎಂದು ಜಿಯೋನೆ ಅಂಬುಯಾ ಬೈಯುತ್ತಿದ್ದಳು. ಆದರೂ ದಿನಾ ಅಲ್ಲೇ ಬಂದು ಕೂರುತ್ತಿದ್ದಳು. ಹಕ್ಕಿಗಳಿರುವ ಕಡೆ ಒಂದು ಹಿಡಿ ಮಣ್ಣನ್ನೂ ತೆಗೆಯದೆ, ದೂರದ ತಿರುವಿಗೆ ನಡೆದು ಹೋಗಿ ತರುತ್ತಿದ್ದಳು. ಮಡಕೆ ತಿಕ್ಕುತ್ತ ತಿಯಾಮಿಯ ಜೊತೆ ಮಾತಿಗೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಮಾತ್ರ ತಿಯಾಮಿ ಎಷ್ಟು ಕೂಗಿದರೂ ಅಂಬುಯಾ ಉತ್ತರ ಕೊಡಲಿಲ್ಲ. ತುಟಿಗಳ ನಡುವೆ ಒಂದು ಹಸಿರೆಲೆ ಕಚ್ಚಿಕೊಂಡು, ತಿಯಾಮಿಯ ಕಡೆ ಕಣ್ಣನ್ನಷ್ಟೇ ಮಿಟುಕಿಸಿದಳು. ಮರುದಿನ ಕಾರಣ ಹೇಳಿದಳು. "ಮಡಕೆ ಸುಡೋ ದಿನ ಮಾತಾಡಬಾರದು ಮಗಳೇ. ಬೆಂಕಿ ಹಚ್ಚಿದಾಗಿಂದ ಮಡಕೆ ತಣಿಯೋವರೆಗೂ ಬಾಯಿಂದ ಒಂದು ಸದ್ದು ಹೊರಡಬಾರದು. ಮಾತಾಡಿದ್ರೆ ಬೆಂಕಿಗೆ ಸಿಟ್ಟು ಬಂದು ಮಡಕೆ ಸೀಳಿ ಹಾಕುತ್ತೆ. ನೆನಪಿಗೆ ಅಂತ ಎಲೆ ಕಚ್ಚಿಕೊಳ್ಳೋದು. ಇದು ನಮ್ಮಜ್ಜಿಯ ಅಜ್ಜಿ ಕಾಲದ ಕಟ್ಟು." ಲೋಕವೇ ಹೊಸದಾಗಿದ್ದಾಗ ಅಷ್ಟು ಹಿಂದಿನ ಅಜ್ಜಿ ಎಲ್ಲಿಂದ ಬಂದಳು ಎಂದು ನನ್ನನ್ನು ಕೇಳಬೇಡ. ಅಜ್ಜಿಯರು ಯಾವಾಗಲೂ ಇದ್ದರು.

"ಹಸಿ ಮಡಕೆ ಬೂದು ಬಣ್ಣ ಇರುತ್ತಲ್ಲ ಅಂಬುಯಾ, ಸುಟ್ಟ ಮೇಲೆ ಕೆಂಪಗೆ ಹೇಗಾಗುತ್ತೆ?" ಎಂದು ತಿಯಾಮಿ ಕೇಳಿದಳು.

"ಮಣ್ಣಿನ ಹೊಟ್ಟೇಲಿ ಕೆಂಪು ಇದ್ದೇ ಇರುತ್ತೆ. ಬೆಂಕೀಲಿ ಕೂತು ಓಡಿಹೋಗದೇ ಇದ್ರೆ ಹೊರಗೆ ಬರುತ್ತೆ," ಎಂದು ಅಜ್ಜಿ ನಕ್ಕಳು.

ಬಿಸಿಲು ಏರಿತು. ತಿಯಾಮಿ ಬಿಲದ ಕೊನೆಯಲ್ಲಿ, ಕತ್ತಲೆಯಲ್ಲಿ ಮೊಟ್ಟೆಯಿಟ್ಟಳು. ಬಿಳಿ ಮೊಟ್ಟೆಗಳು. ಈ ಸಲ ಅವುಗಳನ್ನು ಯಾರೂ ನೋಡಲಿಲ್ಲ. ಅವಳು ಮೇಲೆ ಕುಳಿತು ಕಾವು ಕೊಟ್ಟಳು. ಕೆಲವು ದಿನಗಳ ಮೇಲೆ ಮೊಟ್ಟೆಯೊಳಗೆ ಏನೋ ಮಿಸುಕಿದಂತಾಯಿತು. ಅವಳು ಉಸಿರು ಬಿಗಿಹಿಡಿದು ಕೇಳಿದಳು. ಹೌದು, ಮಿಸುಕಿತು!

ಅಷ್ಟರಲ್ಲಿ ಅಂಬುಯಾಳ ದೊಡ್ಡ ಸುಡುವಿಕೆಯ ದಿನ ಬಂತು. ಉರಿಬಿಸಿಲಿನ ತಿಂಗಳುಗಳಿಗೆ ಇಡೀ ಊರಿಗೆ ಬೇಕಾದ ನೀರಿನ ಮಡಕೆಗಳು ಅವು. ಹೆಂಗಸರೆಲ್ಲ ಯಾವಾಗ ಕೊಡ್ತೀರಿ, ಯಾವಾಗ ಕೊಡ್ತೀರಿ ಎಂದು ಬಾಗಿಲಿಗೆ ಬಂದು ಹೋಗುತ್ತಿದ್ದರು. ಅಜ್ಜಿ ದಂಡೆಯ ಮೇಲಿನ ಬಯಲಿನಲ್ಲಿ ಮಡಕೆಗಳನ್ನು ಕವುಚಿ ಜೋಡಿಸಿ, ಮರದ ತೊಗಟೆ, ಒಣ ಸಗಣಿ, ಹುಲ್ಲು ಹೊದಿಸಿ, ಬೆಂಕಿಯಿಟ್ಟಳು. ಒಂದು ಹಸಿರೆಲೆ ಕಿತ್ತು ತುಟಿಗಳ ನಡುವೆ ಕಚ್ಚಿಕೊಂಡಳು.

ಬೆಂಕಿ ಚೆನ್ನಾಗಿ ಹತ್ತಿಕೊಂಡಿತು. ಆಗ ಎಲ್ಲಿಂದಲೋ ಗಾಳಿ ಬಂದ. ಅವನು ಕೆಟ್ಟವನಲ್ಲ, ಸುಮ್ಮನಿರಲು ಬಾರದವನು. "ಏನಿದು, ಬಿಸಿಬಿಸಿ?" ಎಂದು ಬೆಂಕಿಯ ಮೇಲೆ ಬಗ್ಗಿ ನೋಡಿದ. ಒಂದು ಹಿಡಿ ಉರಿಯುವ ಹುಲ್ಲು ಹಾರಿ ಬಯಲಿನ ಒಣ ಹುಲ್ಲಿಗೆ ಬಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಯಲಿಗೇ ಬೆಂಕಿ. ಅದು ದಂಡೆಯ ಕಡೆಗೇ ಓಡತೊಡಗಿತು.

ಅಂಬುಯಾ ದಂಡೆಯ ಅಂಚಿಗೆ ಓಡಿದಳು. ಎರಡೂ ಕೈ ಎತ್ತಿ ಬೀಸಿದಳು. ಕಾಲು ನೆಲಕ್ಕೆ ಬಡಿದಳು. ಹೊಗೆಯ ಕಡೆ ಬೆರಳು ತೋರಿಸಿ ಕುಣಿದಾಡಿದಳು. ತುಟಿಯ ನಡುವಿನ ಎಲೆ ಮಾತ್ರ ಅಲ್ಲೇ ಇತ್ತು.

ಹೊಗೆ ಕಂಡರೂ ಹಕ್ಕಿಗಳು ಹೆದರಲಿಲ್ಲ. ಮಡಕೆ ಸುಡುವ ದಿನ ಹೊಗೆ ಇದ್ದದ್ದೇ. "ನೋಡ್ರೋ, ಅಂಬುಯಾ ಕುಣೀತಿದಾರೆ!" ಎಂದು ಒಬ್ಬ ಕೂಗಿದ. "ಮಡಕೆ ಚೆನ್ನಾಗಿ ಬಂದಿರಬೇಕು," ಎಂದಳು ಇನ್ನೊಬ್ಬಳು. ಎಲ್ಲರೂ ರೆಕ್ಕೆ ಬಡಿದು ಕುಣಿತಕ್ಕೆ ತಾಳ ಹಾಕಿದರು.

ಅಂಬುಯಾ ಒಂದು ಸಲ ತನ್ನ ಮಡಕೆಗಳ ಕಡೆ ನೋಡಿದಳು. ಉರಿಯ ನಡುವೆ ಅವು ಆಗಷ್ಟೇ ಕೆಂಪಗಾಗುತ್ತಿದ್ದವು. ಇಡೀ ಊರಿನ ನೀರು ಅಲ್ಲಿತ್ತು. ಒಂದು ಸಲ ಹಕ್ಕಿಗಳ ಕಡೆ ನೋಡಿದಳು. ಗೋಡೆಯ ತುಂಬ ಮೊಟ್ಟೆಗಳು.

ಥೂ ಎಂದು ಎಲೆಯನ್ನು ಉಗುಳಿದಳು.

"ಬೆಂಕಿ! ಬೆಂಕಿ ಬರ್ತಿದೆ! ತಿಯಾಮಿ, ಹಾರೇ ಮಗಳೇ, ಹಾರು!"

ಅವಳ ಬೆನ್ನ ಹಿಂದೆ ಪಟ್ ಎಂದು ಒಂದು ಮಡಕೆ ಸೀಳಿತು. ಆಮೇಲೆ ಇನ್ನೊಂದು. ಆಮೇಲೆ ಸಾಲಾಗಿ ಎಲ್ಲವೂ. ಅಂಬುಯಾ ಹಿಂದಿರುಗಿ ನೋಡಲಿಲ್ಲ. ಕೂಗುತ್ತಲೇ ಇದ್ದಳು.

ಸುಡುವ ದಿನ ಅಂಬುಯಾ ಬಾಯಿ ಬಿಟ್ಟಳೆಂದರೆ ಅದು ಆಟವಲ್ಲವೆಂದು ಹಕ್ಕಿಗಳಿಗೆ ತಿಳಿಯಿತು. ಗೋಡೆಯ ಹಕ್ಕಿಗಳೆಲ್ಲ ಒಮ್ಮೆಗೇ ಮೇಲೆದ್ದವು. ತಿಯಾಮಿಯೂ ಎದ್ದಳು. ಮೇಲಿನಿಂದ ನೋಡಿದರೆ ಬೆಂಕಿ ದಂಡೆಯ ಅಂಚಿಗೆ ಬಂದಾಗಿತ್ತು. ಉರಿಯುವ ಹುಲ್ಲು, ಕೆಂಡ, ಬಿಸಿಬೂದಿ ಗೋಡೆಯ ಮೇಲಿನಿಂದ ಸುರಿಯಲು ಶುರುವಾಗಿತ್ತು. ಗೋಡೆಯ ತೂತುಗಳೆಲ್ಲ ಬಾಯಿ ತೆರೆದುಕೊಂಡಿದ್ದವು.

"ನಡಿ ನಡಿ," ಎಂದ ಗಾಳಿ, ತಾನು ಮಾಡಿದ್ದಕ್ಕೆ ತಾನೇ ಗಾಬರಿಯಾಗಿ. "ನನ್ನ ಮೇಲೆ ಹತ್ತು, ದೂರ ಬಿಟ್ಟು ಬರ್ತೀನಿ."

"ನಾನು ಬಂದ್ರೆ ನಾನು ಉಳೀತೀನಿ," ಎಂದಳು ತಿಯಾಮಿ. "ಒಳಗೆ ಮಿಸುಕ್ತಿದಾವಲ್ಲ, ಅವು?"

ಹಾಗೆಂದವಳೇ ಕೆಳಗೆ ಎರಗಿದಳು. ಹೊಗೆಯನ್ನು ಸೀಳಿಕೊಂಡು ತನ್ನ ಬಿಲಕ್ಕೆ ನುಗ್ಗಿದಳು. ಪೂರ್ತಿ ಒಳಗೆ ಹೋಗಲಿಲ್ಲ. ತಲೆ ಒಳಗೆ, ಬೆನ್ನು ಹೊರಗೆ. ಮೈಯುಬ್ಬಿಸಿ, ರೆಕ್ಕೆ ಅಗಲಿಸಿ, ಬಿಲದ ಬಾಯಿಗೆ ತಾನೇ ಬಿರಡೆಯಾಗಿ ಕುಳಿತಳು. ಹೊಗೆ ಒಳಗೆ ಹೋಗಬಾರದು. ಕೆಂಡ ಒಳಗೆ ಬೀಳಬಾರದು. ಅವಳ ಗಂಡ ಬಂದು ಪಕ್ಕದಲ್ಲೇ ಒತ್ತರಿಸಿಕೊಂಡ.

ಅದನ್ನು ನೋಡಿದ ನೆರೆಯವಳು ತನ್ನ ಬಿಲಕ್ಕೆ ಇಳಿದಳು. ಅವಳನ್ನು ನೋಡಿ ಅವಳ ನೆರೆಯವನು. ಬೆಳಗಿನಿಂದ ಸಂಜೆಯವರೆಗೆ ಬಾಲಕ್ಕಾಗಿ, ಬಾಗಿಲಿಗಾಗಿ ಕಿತ್ತಾಡುತ್ತಿದ್ದ ಆ ಗಲಾಟೆಯ ಮಂದಿ ಒಬ್ಬರ ಹಿಂದೆ ಒಬ್ಬರು ಇಳಿದು ಬಂದರು. ತೆರೆದುಕೊಂಡಿದ್ದ ಬಾಯಿಗಳೆಲ್ಲ ಮುಚ್ಚಿಕೊಂಡವು. ಗೋಡೆಯ ತುಂಬ ಬರೀ ಬೂದು ಬಣ್ಣದ ಬೆನ್ನುಗಳು.

ಬೆಂಕಿ ಅವುಗಳ ಮೇಲೆ ಸುರಿಯಿತು.

ತಿಯಾಮಿಯ ಬೆನ್ನು ಉರಿಯಿತು. ರೆಕ್ಕೆ ಉರಿಯಿತು. ಬಾಲ ಉರಿಯಿತು. ಒಂದೇ ಒಂದು ಸಲ ಮುಗಿಯಿತೇನೋ ಎಂದು ಹಿಂದಕ್ಕೆ ತಿರುಗಿ ನೋಡಿದಳು. ಹೊಗೆ ಅವಳ ಕಣ್ಣಿಗೆ, ಹಾಗೇ ತಿರುಗಿದ ನೆರೆಯವರೆಲ್ಲರ ಕಣ್ಣಿಗೂ ಅಡ್ಡಲಾಗಿ ಬಡಿದು ಮಸಿ ಬಳಿಯಿತು. ಮತ್ತೆ ತಿರುಗಲಿಲ್ಲ. ಒಳಗಿನ ತಂಪು ಮಣ್ಣಿಗೆ ಹಣೆಯೊತ್ತಿ ಕುಳಿತಳು.

ಹೊಳೆಗೆ ಎಚ್ಚರವಾಗಿತ್ತು. ಬೇಸಿಗೆಯ ತೆಳ್ಳನೆಯ ಮೈಯಲ್ಲಿ ಅವಳು ಅಷ್ಟೆತ್ತರ ಏರಲಾರಳು. "ಅಯ್ಯೋ, ಮಳೆಗಾಲ ಆಗಿದ್ರೆ!" ಎಂದು ಒದ್ದಾಡಿದಳು. ಇದ್ದಬದ್ದ ಶಕ್ತಿಯಲ್ಲಿ ಮಣ್ಣಿನೊಳಗೆ ಇಂಗಿದ್ದ ತನ್ನ ತೇವವನ್ನೆಲ್ಲ ಗೋಡೆಯ ಮೇಲಕ್ಕೆ ತಳ್ಳಿದಳು. ಆ ತೇವ ಹಕ್ಕಿಗಳ ಹಣೆಗೆ, ನೆತ್ತಿಗೆ ತಣ್ಣಗೆ ತಾಗಿತು. ಆಮೇಲೆ ಒಂದು ಸಲ ಮರಳಿನಿಂದ ಮೇಲಕ್ಕೆ ನೆಗೆದು ನೀರೆರಚಿದಳು. ಒಂದೊಂದು ಹಕ್ಕಿಗೆ ಒಂದೊಂದು ಹನಿ ಬಿತ್ತು, ಬಾಲದ ಬುಡಕ್ಕೆ.

ಹುಲ್ಲು ಉರಿದು ಮುಗಿಯಿತು. ಬೆಂಕಿ ಆರಿತು.

ಅಂಬುಯಾ ದಂಡೆಯಿಂದ ಜಾರುತ್ತ, ಬೀಳುತ್ತ ಕೆಳಗೆ ಬಂದಳು. ಗೋಡೆ ಬೂದಿಯಿಂದ ಮುಚ್ಚಿತ್ತು. ಒಂದು ಬೆನ್ನೂ ಅಲುಗುತ್ತಿರಲಿಲ್ಲ. ಯಾವಾಗಲೂ ಕಿವಿ ತೂತು ಬೀಳುವಂತೆ ಗದ್ದಲವಿದ್ದ ಜಾಗದಲ್ಲಿ ಒಂದು ಚಿಲಿಪಿಲಿಯಿಲ್ಲ. ಅವಳು ಅಳುತ್ತ ತಿಯಾಮಿಯ ಬಿಲದ ಹತ್ತಿರ ಹೋಗಿ, ಬೆರಳಿನಿಂದ ಬೂದಿ ಒರೆಸಿದಳು.

ಒರೆಸಿದ ಕಡೆ ಕೆಂಪು ಕಾಣಿಸಿತು. ರಕ್ತವೆಂದು ಅವಳ ಜೀವ ಹಾರಿಹೋಯಿತು. ಇನ್ನಷ್ಟು ಒರೆಸಿದಳು. ರಕ್ತವಲ್ಲ. ಅವಳ ಜೀವಮಾನದಲ್ಲಿ ಮಾಡಿದ ಯಾವ ಮಡಕೆಗೂ ಬಂದಿರದ ಕೆಂಪು. ಒಂದು ಚೂರೂ ಕರಕಲಾಗದೆ, ಎಲ್ಲೂ ಹಸಿ ಉಳಿಯದೆ, ಹದವಾಗಿ ಬೆಂದ ಕೆಂಪು.

ಅವಳ ಕೈಗೆ ಗೊತ್ತಿದ್ದದ್ದು ಒಂದೇ. ಸುಟ್ಟ ಮಡಕೆ ಸೀಳಿದೆಯೋ ಇಲ್ಲವೋ ಎಂದು ಬೆರಳಿನಿಂದ ತಟ್ಟಿ ನೋಡುವುದು. ಹಾಗೆಯೇ ಆ ಬೆನ್ನನ್ನು ಮೆಲ್ಲಗೆ ತಟ್ಟಿದಳು.

"ಅಂಬುಯಾ," ಎಂದಿತು ಬಿಲದೊಳಗಿಂದ ಒಂದು ಸಣ್ಣ ದನಿ. "ಕಚಗುಳಿ ಆಗುತ್ತೆ."

ಅಂಬುಯಾ ಅಲ್ಲೇ ಮರಳಿನ ಮೇಲೆ ಕುಳಿತುಬಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ಗೋಡೆಯ ತುಂಬ ಬೆನ್ನುಗಳು ಒಂದೊಂದಾಗಿ ಅಲುಗಿದವು. ಬೂದಿ ಉದುರಿತು. ಹಕ್ಕಿಗಳು ಹಿಂದೆ ಸರಿದು ಹೊರಗೆ ಬಂದವು, ರೆಕ್ಕೆ ಕೊಡವಿದವು, ಒಬ್ಬರನ್ನೊಬ್ಬರು ನೋಡಿ ಗುರುತು ಸಿಗದೆ ಪಿಳಿಪಿಳಿ ಕಣ್ಣುಬಿಟ್ಟವು.

ಬೆನ್ನು ಕೆಂಪು, ರೆಕ್ಕೆ ಕೆಂಪು, ಉದ್ದ ಬಾಲ ಕೆಂಪು. ಹೊಳೆಯ ತೇವ ತಾಗಿದ ತಲೆ ಆಳದ ನೀರಿನಂಥ ನೀಲಿ ಹಸಿರು. ಬಾಲದ ಬುಡದಲ್ಲಿ ಹನಿ ಬಿದ್ದ ಕಡೆ ತಿಳಿನೀಲಿ. ಕಣ್ಣಿಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ, ಹಿಂದಿರುಗಿ ನೋಡಿದ ಆ ಒಂದು ಕ್ಷಣದ ಮಸಿ. ಗೋಡೆಯಿಂದ ಎಲ್ಲವೂ ಒಟ್ಟಿಗೆ ಮೇಲೆದ್ದಾಗ ಆಚೆ ದಡದ ಆನೆ ಸೊಂಡಿಲು ತುಳಿಯುವುದನ್ನೂ ಮರೆತು ನಿಂತಿತು. ಅವತ್ತು ಲುವಾಂಗ್ವಾದ ಮೇಲೆ ಹಾರಿದ ಆ ಹಿಂಡಿನಷ್ಟು ಚೆಂದದ್ದು ಲೋಕದಲ್ಲಿ ಇನ್ನೇನೂ ಇರಲಿಲ್ಲ, ಈಗಲೂ ಇದೆಯೆಂದು ನಾನು ಒಪ್ಪುವುದಿಲ್ಲ.

ತಿಯಾಮಿ ತನ್ನ ಬಣ್ಣ ನೋಡಿಕೊಳ್ಳಲು ನಿಲ್ಲಲಿಲ್ಲ. ತಿರುಗಿ ಬಿಲದೊಳಗೆ ಓಡಿದಳು. ಕತ್ತಲೆಯಲ್ಲಿ ಮೊಟ್ಟೆಗಳಿಗೆ ಎದೆ ತಾಗಿಸಿದಳು. ಬಿಸಿಯಾಗಿರಲಿಲ್ಲ, ಹಿತವಾಗಿ ಬೆಚ್ಚಗಿದ್ದವು. ಆದರೆ ಮಿಸುಕಾಟವಿಲ್ಲ. ಅವಳು ಕಾದಳು. ಹೊರಗೆ ಅಂಬುಯಾ ಮಣ್ಣಿನ ಗೋಡೆಗೆ ಕಿವಿಯಿಟ್ಟು ಕಾದಳು. ಕುಕ್ಕಾಟ ಮರೆತು ನೆರೆಹೊರೆಯೆಲ್ಲ ಕಾದಿತು.

ಕಟ್.

ಚಿಪ್ಪು ಒಡೆದ ಸದ್ದು. ಆಮೇಲೆ ಸೂಜಿಯಷ್ಟು ಸಣ್ಣದೊಂದು ಚೀಂ.

"ಬಂತು!" ಎಂದು ಒಳಗಿಂದ ತಿಯಾಮಿ ಕೂಗಿದಳು. ಅವಳ ದನಿ ಬಿಲದಲ್ಲಿ ಮೊಳಗಿ ಹೊರಬಂತು. "ಅಂಬುಯಾ, ಮರಿ ಬಂತು!" ಅಷ್ಟರಲ್ಲಿ ಪಕ್ಕದ ಬಿಲದಿಂದಲೂ ಒಂದು ಚೀಂ, ಅದರ ಮೇಲಿನಿಂದಲೂ ಒಂದು ಚೀಂ.

ಅಂಬುಯಾ ಸೆರಗಿಗೆ ಮೂಗೊರೆಸಿಕೊಂಡು ಎದ್ದಳು. ಊರಿಗೆ ಮಡಕೆಯಿರಲಿಲ್ಲ. ಮತ್ತೆ ಮೊದಲಿನಿಂದ ಮಣ್ಣು ತುಳಿಯಬೇಕಿತ್ತು. ಹೆಂಗಸರು ವಿಷಯ ಕೇಳಿ, ಯಾವಾಗ ಕೊಡ್ತೀರಿ ಎಂದು ಕೇಳುವುದನ್ನು ಬಿಟ್ಟು, ಮಣ್ಣು ಹೊರಲು ತಾವೇ ಬಂದರು.

ಮರಿಗಳು ಬೆಳೆದವು. ಬಿಲದ ಬಾಯಿಗೆ ಬಂದು ಇಣುಕಿದಾಗ ಅವುಗಳ ಮೈ ಮಾಸಲು ಮಣ್ಣಿನ ಬಣ್ಣಕ್ಕೇ ಇತ್ತು. ಕೆಂಪು ಆಮೇಲೆ ಬರುತ್ತದೆಂದು ತಿಯಾಮಿ ಸಮಾಧಾನ ಹೇಳಿದಳು. ಮಳೆ ಬರುವ ಮೊದಲೇ, ಕೊಟ್ಟ ಮಾತಿನಂತೆ, ಎಲ್ಲರೂ ಮರಿಗಳ ಜೊತೆ ಹಾರಿ ಹೋದರು. ಮಳೆಗಾಲದ ಹೊಳೆ ಎದ್ದು ಹೊರಳಿದಳು. ಗೋಡೆ ಬಿತ್ತು. ನೀರಿಳಿದಾಗ, ಅವಳೂ ಕೊಟ್ಟ ಮಾತಿನಂತೆ, ಹೊಸ ಗೋಡೆ ಕಡಿದಿಟ್ಟಿದ್ದಳು.

ಅದಕ್ಕೇ ಮಗು, ಇಂದಿಗೂ ಮಳೆ ನಿಂತು ನೀರಿಳಿದ ಮೇಲೆ ಈ ಕೆಂಪು ಹಕ್ಕಿಗಳು ಹಿಂಡುಹಿಂಡಾಗಿ ಆ ಹೊಳೆಗೆ ಬರುತ್ತವೆ, ಹೊಸ ದಂಡೆಯಲ್ಲಿ ಹೊಸ ಬಿಲ ಕೊರೆದು ಒಂದರ ಪಕ್ಕ ಒಂದು ಸಂಸಾರ ಹೂಡುತ್ತವೆ, ಕತ್ತಲೆಯಲ್ಲಿ ಬಿಳಿ ಮೊಟ್ಟೆಯಿಡುತ್ತವೆ. ಅಲ್ಲಿನ ಬಯಲಿಗೆ ಬೆಂಕಿ ಬಿದ್ದಾಗ ಜಿಂಕೆ ಓಡುತ್ತದೆ, ಉಡ ಓಡುತ್ತದೆ, ಸಿಂಹವೂ ಓಡುತ್ತದೆ. ಈ ಹಕ್ಕಿ ಮಾತ್ರ ಹೊಗೆಯ ಕಡೆಗೇ ಹಾರಿಬಂದು, ಉರಿಯ ಅಂಚಿನಲ್ಲಿ ಹಾರುವ ಹುಳಗಳನ್ನು ನಿಶ್ಚಿಂತೆಯಿಂದ ಹಿಡಿದು ತಿನ್ನುತ್ತದೆ, ಏಕೆಂದರೆ ಬೆಂಕಿ ಅದಕ್ಕೆ ಏನು ಮಾಡಬಹುದಿತ್ತೋ ಅದನ್ನು ಅವತ್ತೇ ಮಾಡಿ ಸೋತಿದೆ.